ಮೂರೂವರೆ ಸುತ್ತು

ಜನವರಿ 9

ಅಕ್ಕನಿಗೆ,

ಈ ಲಕೋಟೆಯಲ್ಲಿ ಆರು ಎಲೆಗಳಿವೆ. ಮೂರು ಹಸಿರು, ಮೂರು ಹಳದಿ. ತೂಬಿನ ಒಳಮಗ್ಗುಲಿನಲ್ಲಿ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಮರಗಳಿಂದ ಕಿತ್ತವು. ನೀನು ಕಾಲೇಜಿನ ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ದಿನವೂ ಎಲೆ ಸೀಳುವವಳಾದ್ದರಿಂದ, ಇವಕ್ಕೆ ಏನಾಗಿದೆಯೆಂದು ನೋಡಿ ತಿಳಿಸಬೇಕೆಂದು ಕೋರಿಕೆ.

ಸ್ಥಳದ ಪರಿಸ್ಥಿತಿ ಹೀಗಿದೆ. ಒಡ್ಡಿನ ಮೇಲೆ ರಸ್ತೆ, ರಸ್ತೆಯ ಆಚೆ ಅಳಿವೆ, ಈಚೆ ತಟ್ಟೆಯಲ್ಲಿ ಅನ್ನ ಮಿಕ್ಕ ಹಾಗೆ ಮಿಕ್ಕಿರುವ ನಮ್ಮ ಕಾಡು, ಅದರ ಬೆನ್ನಿಗೆ ಗೋದಾಮುಗಳ ಸಾಲು. ಹನ್ನೊಂದು ವರ್ಷದ ಹಿಂದೆ ಗೋದಾಮು ಕಟ್ಟಿದಾಗ ಬಂದ ಆದೇಶದಂತೆ, ಮಳೆಗಾಲ ಬಿಟ್ಟು ಉಳಿದೆಲ್ಲ ತಿಂಗಳು ತೂಬಿನ ಬಾಗಿಲು ಮುಚ್ಚಿರಬೇಕು. ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೇನೆ. ಆದರೂ ಹೋದ ಬೇಸಿಗೆಯಲ್ಲಿ ತೂಬಿನ ಹತ್ತಿರದ ನಾಲ್ಕು ಮರ ಒಣಗಿದವು. ಈ ವರ್ಷ ಜನವರಿಗೇ ಶುರುವಾಗಿದೆ. ಬೆಳಿಗ್ಗೆ ಮನೆಯ ಬಾಗಿಲು ತೆರೆದು ನೋಡಿದರೆ ಹಳದಿ ಎಲೆಗಳು ನೀರಿನ ಮೇಲೆ ನಿಂತಿರುತ್ತವೆ. ನಿನ್ನೆ ಎಲ್ಲಿದ್ದವೋ ಇವತ್ತೂ ಅಲ್ಲೇ. ಒಮ್ಮೊಮ್ಮೆ ನಾನು ನಿಂತಿರುವುದು ನೀರಿನ ಎದುರಲ್ಲ, ಯಾರೋ ಬರೆದ ನೀರಿನ ಚಿತ್ರದ ಎದುರು ಅನ್ನಿಸುತ್ತದೆ.

ದೊಡ್ಡ ಕಾಗದ ಬರೆಯಲು ಮನಸ್ಸಿಲ್ಲದಿದ್ದರೆ ಎಲೆಗಳ ವಿಷಯವನ್ನಷ್ಟೇ ಒಂದು ಕಾರ್ಡಿನಲ್ಲಿ ಬರೆದರೂ ಸಾಕು.

ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಇತಿ,
ತೂಬಿನ ಕಾವಲುಗಾರ


ಜನವರಿ 21

ಮಾನ್ಯ ತೂಬಿನ ಕಾವಲುಗಾರರಿಗೆ,

ಎರಡು ವರ್ಷದ ಮೇಲೆ ತಮ್ಮನಿಂದ ಕಾಗದ ಬಂತೆಂದು ಒಡೆದು ನೋಡಿದರೆ ಅರ್ಜಿ ಬಂದಿದೆ. ಇರಲಿ, ಅರ್ಜಿಯನ್ನು ಸ್ವೀಕರಿಸಲಾಗಿದೆ.

ನಿನ್ನ ಎಲೆಗಳನ್ನು ಬ್ಲೇಡಿನಿಂದ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಈ ಕೆಲಸಕ್ಕೆ ಸೇರಿ ಹನ್ನೆರಡು ವರ್ಷವಾದರೂ, ಕಣ್ಣಿಟ್ಟ ಮೊದಲ ಗಳಿಗೆಯಲ್ಲಿ ಇನ್ನೂ ನನಗೆ ಯಾವುದೋ ಊರಿನ ಮೇಲೆ ಹಾರುತ್ತಿದ್ದೇನೆ ಅನ್ನಿಸುತ್ತದೆ. ಓಣಿಗಳು, ಕೋಣೆಗಳು, ಕಿಟಕಿಗಳು, ಒಬ್ಬ ಮನುಷ್ಯನೂ ಇಲ್ಲದ ಊರು. ನಿನ್ನ ಎಲೆಯ ಅಡಿಮೈಯಲ್ಲಿ ಪುಟ್ಟ ಬಟ್ಟಲುಗಳಂಥ ಗ್ರಂಥಿಗಳಿವೆ, ಒಂದೊಂದರ ಬಾಯಲ್ಲೂ ಒಂದೊಂದು ಹರಳು. ಪ್ರತಿ ಮನೆಯವರೂ ಉಪ್ಪನ್ನು ಗುಡಿಸಿ ಹೊಸ್ತಿಲಾಚೆ ಹಾಕಿದಂತಿದೆ.

ಇದು ರೋಗವಲ್ಲ. ನಮ್ಮ ವಿಭಾಗದ ಮುಖ್ಯಸ್ಥೆಗೆ ತೋರಿಸಿದೆ. ನಾವೆಲ್ಲ ಅವರನ್ನು ಮೇಡಂ ಅನ್ನುತ್ತೇವೆ. ಅವರು ಹೇಳಿದ್ದು ಹೀಗೆ. ಉಪ್ಪುನೀರಿನಲ್ಲಿ ನಿಂತ ಮರಕ್ಕೂ ಕುಡಿಯಲು ಸಿಹಿನೀರೇ ಬೇಕು. ಜೇಡನ ಕಾಲಿನಂತೆ ಬೇರೂರಿ ನಿಂತಿರುತ್ತದಲ್ಲ, ಆ ಜಾತಿಯ ಮರ ಉಪ್ಪನ್ನು ಬೇರಿನಲ್ಲೇ ಸೋಸಿ ಹೊರಗೆ ನಿಲ್ಲಿಸುತ್ತದೆ, ನೂರರಲ್ಲಿ ತೊಂಬತ್ತು ಪಾಲಿಗೂ ಹೆಚ್ಚು. ನೀನು ಎಲೆ ಕಿತ್ತದ್ದು ಇನ್ನೊಂದು ಜಾತಿ, ಸುತ್ತಲೂ ನೆಲದಿಂದ ಪೆನ್ಸಿಲ್‌ಗಳಂತೆ ಬೇರು ಎದ್ದಿರುವಂಥದ್ದು. ಅದೂ ಸೋಸುತ್ತದೆ, ಆದರೆ ಸ್ವಲ್ಪ ಉಪ್ಪನ್ನು ಒಳಗೆ ಬಿಟ್ಟುಕೊಂಡು ಎಲೆಯಿಂದ ಬೆವರಿನಂತೆ ಹೊರಹಾಕುತ್ತದೆ. ಹಳೆಯ ಎಲೆಗೆ ಉಪ್ಪು ತುಂಬಿ ಉದುರಿಸಿಬಿಡುತ್ತವೆ ಎಂದೂ ಹೇಳುವುದುಂಟು. ಮೇಡಂ ಅದನ್ನು ಪೂರ್ತಿ ಒಪ್ಪುವುದಿಲ್ಲ. "ವಯಸ್ಸಾದ್ಮೇಲೆ ಎಲ್ಲ ಮರದ ಎಲೇನೂ ಉದುರುತ್ತಮ್ಮ, ಅದಕ್ಕೆ ತ್ಯಾಗ ಅಂತೆಲ್ಲ ಹೆಸರಿಡಬೇಡ" ಅಂದರು.

ಆದರೆ ನಿನ್ನ ಎಲೆಯ ಮೇಲಿನ ಹರಳು ಇರಬೇಕಾದ್ದಕ್ಕಿಂತ ಬಹಳ ದಪ್ಪಗಿದೆ. ನೀರನ್ನೂ ಒಂದು ಸೀಸೆಯಲ್ಲಿ ಕಳಿಸು.

ಅಪ್ಪ ಕ್ಷೇಮ. ನಿನ್ನೆ ಸಂಜೆ ನನ್ನ ಬಿಳಿ ಕೋಟಿಗೆ ಗುಂಡಿ ಹಚ್ಚುವಾಗ ಸೂಜಿಗೆ ದಾರ ಪೋಣಿಸಿಕೊಟ್ಟರು. ಒಂದೇ ಸಲಕ್ಕೆ, ದೀಪ ಹಾಕುವ ಮೊದಲು. ನಿನಗೆ ತಿಳಿದಿರಲಿ ಎಂದು ಬರೆದೆ.

ನಿನ್ನ ಅಕ್ಕ


ಫೆಬ್ರವರಿ 3

ಅಕ್ಕ,

ಸೀಸೆ ಕಳಿಸಿದ್ದೇನೆ. ಅಂಚೆಯಲ್ಲಿ ಸೋರದಿರಲೆಂದು ಬಾಯಿಗೆ ಮೇಣ ಸುರಿದಿದ್ದೇನೆ, ತೆಗೆಯುವಾಗ ಬೈದುಕೊಳ್ಳಬೇಡ.

ಮೊನ್ನೆ ದೋಣಿ ತೆಗೆದುಕೊಂಡು ಕಾಡಿನೊಳಗೆ ಹೋಗಿದ್ದೆ. ನೀನು ಬರೆದ ಪೆನ್ಸಿಲ್ ಬೇರುಗಳನ್ನು ಹುಡುಕಿದೆ. ಒಂದೂ ಕಾಣಲಿಲ್ಲ. ಹುಟ್ಟು ಇಳಿಸಿ ತಡಕಿದರೆ ಎಲ್ಲವೂ ನೀರಿನ ಅಡಿಯಲ್ಲಿವೆ, ಒಂಬತ್ತು ಇಂಚು ಕೆಳಗೆ. ನಾವು ಚಿಕ್ಕವರಿದ್ದಾಗ ನೀರು ಇಳಿದ ಹೊತ್ತಿನಲ್ಲಿ ಅವುಗಳ ನಡುವೆ ಓಡುತ್ತಿದ್ದೆವು. ನೀನು ಎಣಿಸುತ್ತಿದ್ದೆ, ನಾನು ಅಳೆಯುತ್ತಿದ್ದೆ. ಅಡಿಪಟ್ಟಿ ಎಂಬ ಹೆಸರು ನನಗೆ ಬಿದ್ದದ್ದು ಅಲ್ಲೇ.

ವಾಪಸು ಬಂದು ಕುರ್ಚಿಯಲ್ಲಿ ಕೂತವನಿಗೆ ಮಧ್ಯಾಹ್ನದ ಬಿಸಿಲಿಗೆ ಜೊಂಪು ಹತ್ತಿತು. ಕನಸಿನಲ್ಲಿ ಆ ಬೇರುಗಳೆಲ್ಲ ನೀರಿನಡಿಯಿಂದ ಏನೋ ಹೇಳುತ್ತಿದ್ದವು. ಗುಳ್ಳೆ ಮಾತ್ರ ಮೇಲೆ ಬರುತ್ತಿತ್ತು. ಬಗ್ಗಿ ಕಿವಿ ಇಟ್ಟೆ. ಗುಳ್ಳೆ ಒಡೆದರೂ ಸದ್ದಿರಲಿಲ್ಲ. ಎಚ್ಚರವಾದ ಮೇಲೂ ಬಹಳ ಹೊತ್ತು ಕಿವಿ ಮುಚ್ಚಿಕೊಂಡಂತೆಯೇ ಇತ್ತು.

ನೀನು ಬರೆದ ಸೂಜಿ, ಗೋಣಿ ಹೊಲಿಯುವ ದಬ್ಬಳವೋ, ಮಾಮೂಲಿ ಸೂಜಿಯೋ?

ನಿನ್ನ ತಮ್ಮ


ಫೆಬ್ರವರಿ 16

ತಮ್ಮಾ,

ದಬ್ಬಳವಲ್ಲ. ಸಣ್ಣ ಸೂಜಿ. ಕನ್ನಡಕ ಹಾಕಿಕೊಂಡು ನಾನೇ ಮೂರು ಸಲ ತಪ್ಪುವಂಥದ್ದು.

ಇನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರೆಯಲಾರೆ. ನೀನು ಅಪ್ಪನ ಕೈಕೆಳಗೆ ಸಹಾಯಕನಾಗಿ ಸೇರಿ ಒಂದು ತಿಂಗಳೂ ಆಗಿರಲಿಲ್ಲ, ಕಚೇರಿಗೆ ವರದಿ ಬರೆದೆ: 'ದೃಷ್ಟಿ ಮಂದವಾದ ಕಾರಣ ಕಾವಲುಗಾರರು ಬಾಗಿಲನ್ನು ಪೂರ್ತಿ ಮುಚ್ಚುತ್ತಿಲ್ಲ.' ಅಪ್ಪನನ್ನು ನಿವೃತ್ತಿಗೆ ಎರಡು ವರ್ಷ ಮೊದಲೇ ಮನೆಗೆ ಕಳಿಸಿದರು. ಆ ಜಾಗ ನಿನ್ನದಾಯಿತು. ಅವರನ್ನು ಕರೆದುಕೊಂಡು ಹೋಗಲು ನಾನು ಬಂದ ದಿನ ಮೇಜಿನ ಮೇಲೆ ಅದರ ಪ್ರತಿ ಬಿದ್ದಿತ್ತು. 'ಅಕ್ಷರ ಮುದ್ದಾಗಿದೆ' ಅಂದೆ, ಬೇರೆ ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ಅಪ್ಪ ಕಿಟಕಿಯಾಚೆಯ ಅಂಗಡಿ ಬೋರ್ಡುಗಳನ್ನು ಒಂದೂ ಬಿಡದೆ ಓದುತ್ತ ಬಂದರು. ಕೆಳಗಿನ ಸಣ್ಣ ಅಕ್ಷರವನ್ನೂ. ಕೆಲಸಕ್ಕಾಗಿ ನೀನು ಸುಳ್ಳು ಬರೆದೆ ಎಂದು ಅವತ್ತೇ ತೀರ್ಮಾನಿಸಿದೆ. ಇವತ್ತಿಗೂ ಹಾಗೇ ಅಂದುಕೊಂಡಿದ್ದೇನೆ. ಅಲ್ಲವಾದರೆ ಹೇಳು.

ನೀರಿನ ವಿಷಯ. ನಿನ್ನ ಸೀಸೆಯ ನೀರು ಸಮುದ್ರಕ್ಕಿಂತ ಎರಡು ಪಟ್ಟು ಉಪ್ಪಾಗಿದೆ. ಒಡ್ಡಿನ ಸಂದಿಗಳಿಂದ ಜಿನುಗಿ ಒಳಗೆ ಬಂದದ್ದಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ನೀರು ಬಿಸಿಲಿಗೆ ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಆ ಮರಗಳು ಸಮುದ್ರದ ಉಪ್ಪನ್ನು ತಾಳುತ್ತವೆ, ಇಷ್ಟನ್ನಲ್ಲ. ಒಂದು ಗುಟುಕು ನೀರು ಎಳೆದುಕೊಳ್ಳುವಷ್ಟರಲ್ಲೇ ಅವುಗಳ ಶಕ್ತಿಯೆಲ್ಲ ಸೋರಿಹೋಗುತ್ತದೆ. ಆ ಪೆನ್ಸಿಲ್ ಬೇರುಗಳು ಮರದ ಮೂಗು. ಕೆಸರಿನೊಳಗೆ ಗಾಳಿಯಿಲ್ಲ, ಅದಕ್ಕೇ ನೀರು ಇಳಿದಾಗ ತಲೆ ಹೊರಗಿಟ್ಟು ಉಸಿರು ತುಂಬಿಕೊಂಡು, ನೀರು ಏರಿದಾಗ ಉಸಿರು ಹಿಡಿದು ಕಾಯುತ್ತವೆ. ಇಳಿತವೇ ಬಾರದಿದ್ದರೆ ಎಷ್ಟು ದಿನ ಹಿಡಿದಾವು?

ಮೇಡಂ ಒಂದು ಪ್ರಶ್ನೆ ಕೇಳಿದ್ದಾರೆ, ನನಗೆ ಉತ್ತರ ತಿಳಿಯಲಿಲ್ಲ. ಆದೇಶ ಬಂದು ಹನ್ನೊಂದು ವರ್ಷ. ಅದರಲ್ಲಿ ಒಂಬತ್ತು ವರ್ಷ ಬಾಗಿಲು ಕಾದದ್ದು ಅಪ್ಪ. ಆಗ ಸಾಯದ ಮರಗಳು ಈಗ ಯಾಕೆ ಸಾಯುತ್ತಿವೆ?

ಅಕ್ಕ


ಫೆಬ್ರವರಿ 27

ಅಕ್ಕ,

ನಿನ್ನ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಒಂದು ವಾರ ತಿರುಗಾಡಿದೆ. ಸುಳ್ಳು ಬರೆಯಲಿಲ್ಲ. ಕಂಡದ್ದನ್ನು ಬರೆದೆ. ಏನು ಕಂಡೆ ಎಂದು ಈಗ ಹೇಳುತ್ತೇನೆ.

ಒಂದು ಬೆಳಿಗ್ಗೆ ಬೇಗ ಎದ್ದು ತೂಬಿನ ಕಟ್ಟೆಗೆ ಹೋದೆ. ಚಕ್ರ ಹಿಡಿದು ಬಿಗಿ ನೋಡಿದರೆ ಸಡಿಲ. ನಾಲ್ಕು ಸುತ್ತು ತಿರುಗಿಸಿದ ಮೇಲೆ ಬಾಗಿಲು ತಳಕ್ಕೆ ಕೂತಿತು. ಮರುದಿನವೂ ನಾಲ್ಕು ಸುತ್ತು. ಅದರ ಮರುದಿನವೂ. ಅಪ್ಪನಿಗೆ ಹೇಳಿದೆ. "ಹೌದಾ" ಅಂದರು, ಮುಖಕ್ಕೆ ಸಾಬೂನು ಹಚ್ಚಿಕೊಂಡು ಗಡ್ಡ ಹೆರೆಯುತ್ತ ಕೂತರು. ಕಣ್ಣು ಮಂಜಾಗಿದೆ, ಹೇಳಿಕೊಳ್ಳಲು ನಾಚಿಕೆ ಅಂದುಕೊಂಡೆ. ಗೋದಾಮಿಗೆ ನೀರು ನುಗ್ಗಿದರೆ ಅದು ಅವರ ತಲೆಗೇ ಬರುತ್ತದೆಂದು ಹೆದರಿದೆ. ಇದು ನಿಜ. ಜಾಗ ನನಗಾಗುತ್ತದೆ ಎಂಬ ಯೋಚನೆ ಮನಸ್ಸಿನ ಯಾವ ಮೂಲೆಯಲ್ಲೂ ಇರಲಿಲ್ಲ ಅಂದರೆ, ಅದು ನಿಜವಲ್ಲ.

ವಿಚಾರಣೆಯ ದಿನ ಅಧಿಕಾರಿ, "ಏನಪ್ಪಾ, ನಿಮಗೆ ಕಣ್ಣು ಕಾಣಲ್ವಾ?" ಎಂದು ಕೇಳಿದರು. ಅಪ್ಪ ನನ್ನ ಮುಖವನ್ನು ನೋಡಿದರು, ಬಹಳ ಹೊತ್ತು. ಆಮೇಲೆ "ಕಾಣಲ್ಲ ಸ್ವಾಮಿ" ಅಂದರು. ನಾನು ಅದನ್ನು ನಂಬಿದೆ.

ಈಗ ನೀನು ಸೂಜಿಯ ಮಾತು ಹೇಳುತ್ತೀ. ಕಣ್ಣು ಕಾಣುತ್ತಿದ್ದವರ ಕೈ ಮೂರು ಬೆಳಿಗ್ಗೆಯೂ ಒಂದೇ ಅಳತೆಗೆ ತಪ್ಪುವುದು ಹೇಗೆ? ಕಣ್ಣು ಕಾಣದವರದಾದರೂ ಹೇಗೆ? ಇಷ್ಟು ದಿನ ಇದು ನನಗೆ ಹೊಳೆಯದೆ ಹೋಯಿತಲ್ಲ ಎಂದು ಕೂತಲ್ಲಿ ಕೂರಲಾಗುತ್ತಿಲ್ಲ.

ಅಪ್ಪನನ್ನು ಕೇಳು. ನಾನು ಕೇಳಿಸಿದೆ ಎಂದು ಮಾತ್ರ ಹೇಳಬೇಡ.

ನಿನ್ನ ತಮ್ಮ


ಮಾರ್ಚ್ 6

ತಮ್ಮಾ,

ಕೇಳಿದೆ.

ಅಪ್ಪನಿಗೆ ಇಲ್ಲಿ ಕೆಲಸವಿಲ್ಲದೆ ಕೈ ಕಟ್ಟಿದಂತಾಗಿ, ನಮ್ಮ ಕಟ್ಟಡದ ನಾಲ್ಕು ಅಂತಸ್ತಿನ ಬಾಗಿಲುಗಳ ತಿರುಗಣಿಗೆಲ್ಲ ಎಣ್ಣೆ ಬಿಡುತ್ತಾರೆ. ಯಾರೂ ಕೇಳಿಲ್ಲ, ಯಾರೂ ಬೇಡ ಅಂದಿಲ್ಲ. ಭಾನುವಾರ ಮಧ್ಯಾಹ್ನ ಕೆಳಮನೆಯವರ ಬಾಗಿಲಲ್ಲಿ ಎಣ್ಣೆ ಡಬ್ಬಿ ಹಿಡಿದು ಬಗ್ಗಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಕೇಳಿದೆ, "ಅಪ್ಪ, ಆಗ ತೂಬಿನ ಬಾಗಿಲು ನಾಲ್ಕು ಸುತ್ತು ಯಾಕೆ ತೆರೆದಿತ್ತು?"

ಎಣ್ಣೆ ಬಿಟ್ಟರು, ಬಾಗಿಲನ್ನು ಆಡಿಸಿ ನೋಡಿದರು, ಮತ್ತೆ ಬಿಟ್ಟರು. ಮೆಟ್ಟಿಲ ಮೇಲಿನ ಬಿಸಿಲು ಒಂದು ಮೆಟ್ಟಿಲು ಇಳಿಯುವಷ್ಟು ಹೊತ್ತಾಯಿತು. ಇನ್ನು ಹೇಳುವುದಿಲ್ಲ ಅಂದುಕೊಂಡು ಏಳುತ್ತಿದ್ದೆ.

"ನಾಲ್ಕಲ್ಲ," ಅಂದರು. "ಮೂರೂವರೆ."

ಎದ್ದವಳು ಮತ್ತೆ ಕೂತೆ.

"ಕೊನೇ ಅರ್ಧ ಸುತ್ತು ಬಿಗಿ ಹಾಕೋದಕ್ಕೆ, ನೀರಿಗಲ್ಲ. ಹುಟ್ಟಿದಾಗಿಂದ ಅಳತೆ ಅಳತೆ ಅಂತಾನೆ, ಅಷ್ಟು ತಿಳೀಲಿಲ್ಲ ಅವನಿಗೆ."

ಎರಡು ವರ್ಷದಲ್ಲಿ ಅವರ ಬಾಯಲ್ಲಿ ನಿನ್ನ ಸುದ್ದಿ ಬಂದದ್ದು ಇದೇ ಮೊದಲು. ನಗು ಬಂತು ನನಗೆ, ನಗುತ್ತ ನಗುತ್ತ ಕಣ್ಣೀರೂ ಬಂತು. ಮಗನಿಗಾದರೂ ಹೇಳಬಾರದಿತ್ತೇ ಎಂದು ಕೇಳಿದೆ.

"ಹೇಳಿದ್ರೆ ಅವನು ಬರೀತಿದ್ದ. ಬೇಕಂತ ತೆಗೀತೀನಿ ಅಂತ ಗೊತ್ತಾದ್ರೆ ಚಕ್ರಕ್ಕೆ ಬೀಗ ಜಡೀತಿದ್ರು. ಕುರುಡ ಅಂದ್ರೆ ನನ್ನೊಬ್ಬನ್ನ ಮನೆಗೆ ಕಳಿಸ್ತಾರೆ, ಬಾಗಿಲು ಇರೋ ಹಾಗೇ ಇರುತ್ತೆ. ಒಂದು ಬೇಸಿಗೆ ನೋಡಿದ್ರೆ ಅವನಿಗೇ ಗೊತ್ತಾಗುತ್ತೆ ಅಂದ್ಕೊಂಡೆ."

ಎರಡು ಬೇಸಿಗೆ ಹಿಡಿಯಿತು. ನಿನ್ನನ್ನು ಅಂದೇನು ಪ್ರಯೋಜನ? ಅಪ್ಪನಿಗೆ ಕಣ್ಣು ಕಾಣುತ್ತದೆಂದು ನನಗೆ ಬಸ್ಸಿನಲ್ಲೇ ತಿಳಿದಿತ್ತು. ಒಂದು ಕಾಗದ ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ನಿನ್ನ ಮೇಲಿನ ಸಿಟ್ಟು ನನಗೆ ಅಷ್ಟು ಹಿತವಾಗಿತ್ತು.

ನಿನ್ನ ಅಕ್ಕ


ಮಾರ್ಚ್ 18

ಅಕ್ಕ,

ಅಪ್ಪನ ಕಾಲದ ದಿನಚರಿ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ಓದಿದೆ. ಒಂಬತ್ತು ವರ್ಷ, ದಿನಕ್ಕೊಂದು ಸಾಲು. ನಾನು ಪ್ರತಿದಿನ 'ಬಾಗಿಲು ಮುಚ್ಚಿದೆ' ಎಂದು ಬರೆಯುತ್ತೇನೆ. ಅವರು ಒಂದು ದಿನವೂ ಹಾಗೆ ಬರೆದಿಲ್ಲ. 'ಬಾಗಿಲು ಸರಿಯಾಗಿದೆ' ಎಂದು ಬರೆದಿದ್ದಾರೆ. ಆ ಪುಸ್ತಕದಲ್ಲಿ ಒಂದೂ ಸುಳ್ಳಿಲ್ಲ.

ನಿನ್ನೆ ನಸುಕಿನಲ್ಲಿ ಆಚೆ ಅಳಿವೆಯಲ್ಲಿ ನೀರು ಒಳಗಿನ ನೀರಿಗಿಂತ ಮೇಲೆ ಏರತೊಡಗಿದಾಗ ಕಟ್ಟೆ ಹತ್ತಿದೆ. ಚಕ್ರ ತಿರುಗಿಸಿದೆ. ಬಿಗಿ ಬಿಡಲು ಅರ್ಧ, ಆಮೇಲೆ ಮೂರೂವರೆ. ಮೊದಲು ಏನೂ ಆಗಲಿಲ್ಲ. ಕೆಳಗೆಲ್ಲೋ ಯಾರೋ ಗಂಟಲು ಸರಿಮಾಡಿಕೊಂಡಂತೆ ಒಂದು ಸದ್ದು, ಅಷ್ಟೇ. ಸ್ವಲ್ಪ ಹೊತ್ತಿನ ಮೇಲೆ ಎಲೆಗಳತ್ತ ನೋಡಿದೆ. ತಿಂಗಳುಗಟ್ಟಲೆ ಕದಲದೆ ನಿಂತಿದ್ದ ಹಳದಿ ಎಲೆಗಳೆಲ್ಲ ಒಟ್ಟಿಗೆ, ಯಾರೋ ಕರೆದಂತೆ, ಮರಗಳ ನಡುವಿನ ಓಣಿಯೊಳಕ್ಕೆ ಹೊರಟಿದ್ದವು. ಬೆಳಕು ಹರಿದಿರಲಿಲ್ಲ. ನೀರು ಕಾಣುತ್ತಿರಲಿಲ್ಲ, ಎಲೆಗಳು ಹೋಗುವುದಷ್ಟೇ ಕಾಣುತ್ತಿತ್ತು. ಎಷ್ಟು ಹೊತ್ತು ನಿಂತೆನೋ ತಿಳಿಯದು. ಗಡಿಯಾರ ನೋಡಲಿಲ್ಲ. ಗಡಿಯಾರ ನೋಡದೆ ನಾನು ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಒಳಗೆ ಬಂದು ಪುಸ್ತಕ ತೆರೆದೆ. 'ಸರಿಯಾಗಿದೆ' ಎಂದು ಬರೆಯಲು ಹೋದೆ, ಪೆನ್ನು ಓಡಲಿಲ್ಲ. 'ಬಾಗಿಲನ್ನು ಮೂರೂವರೆ ಸುತ್ತು ತೆರೆಯಲಾಯಿತು' ಎಂದು ಬರೆದು ಸಹಿ ಹಾಕಿದೆ.

ಯಾವ ದಿನ ತೆಗೆಯಬೇಕು, ಎಷ್ಟು ಹೊತ್ತು ಬಿಡಬೇಕು ಎಂದು ಕೇಳಿ ಬರೆ. ನಾನೇ ಕೇಳುತ್ತಿದ್ದೇನೆ ಎಂದು ಈ ಸಲ ಹೇಳಬಹುದು.

ನಿನ್ನ ತಮ್ಮ


ಏಪ್ರಿಲ್ 8

ಅಡಿಪಟ್ಟಿಗೆ,

ಅಪ್ಪ ನನಗೆ ಹೇಳುವುದಿಲ್ಲ, ಗೋಡೆಗೆ ಹೇಳುತ್ತಾರೆ. ಪಾತ್ರೆ ತೊಳೆಯುತ್ತ ನಾನು ಕೇಳಿಸಿಕೊಳ್ಳುತ್ತೇನೆ. ಮೂರು ವಾರದಲ್ಲಿ ಕೂಡಿಸಿದ್ದು ಇಷ್ಟು.

ಅಮಾವಾಸ್ಯೆ ಹುಣ್ಣಿಮೆಗಳ ಹಿಂದೆ ಮುಂದೆ ಎರಡೆರಡು ದಿನ, ದೊಡ್ಡ ಉಬ್ಬರ ಬಂದಾಗ ತೆಗೆಯಬೇಕು. ಒಳಗೆ ಬಂದ ನೀರು ಅದರ ಮುಂದಿನ ಇಳಿತದಲ್ಲಿ ವಾಪಸು ಹೋಗುವವರೆಗೂ ಮುಚ್ಚಬಾರದು. "ಬಂದದ್ದು ಹೋಗ್ಬೇಕು. ಬರೀ ಒಳಗೆ ಬಿಟ್ಕೊಂಡ್ರೆ ಉಪ್ಪು ಇಲ್ಲೇ ಕೂತ್ಕೊಳ್ಳುತ್ತೆ." ಬೇರಿನ ತುದಿ ಕಂಡು, ಏಡಿಗಳು ಬಿಲದ ಬಾಯಿಗೆ ಬಂದರೆ ಸಾಕು, ಮುಚ್ಚಬಹುದು. ಮೂರೂವರೆಗಿಂತ ಹೆಚ್ಚು ಬೇಡ, ಗೋದಾಮಿನ ಬುಡ ನೆನೆಯುತ್ತದೆ. ಮೊದಲ ವರ್ಷ ಎರಡು ಸುತ್ತು ತೆಗೆದರಂತೆ, ಸಾಲಲಿಲ್ಲ. ಮರುವರ್ಷ ಐದು, ಗೋಡೆ ಒದ್ದೆಯಾಯಿತು. ಮೂರೂವರೆ ಗೊತ್ತಾಗಲು ಮೂರು ವರ್ಷ ಹಿಡಿಯಿತಂತೆ. ಮೇಡಂ ಇದನ್ನು ಕೇಳಿ, ನಾವು ಇದಕ್ಕೆ ಪ್ರಯೋಗ ಅನ್ನುತ್ತೇವೆ ಅಂದರು.

ನೀನು ಪುಸ್ತಕದಲ್ಲಿ ಬರೆದೆ ಎಂದದ್ದಕ್ಕೆ ಮಾತ್ರ ಅಪ್ಪ ಊಟ ಬಿಟ್ಟು ಎದ್ದರು. "ಬರೀದೇ ಇದ್ರೆ ಅದು ಕೆಲಸ. ಬರೆದ್ರೆ ಅದು ತಪ್ಪು. ಅವನಿಗೆ ಯಾವಾಗ ಬುದ್ಧಿ ಬರುತ್ತೋ" ಎಂದು ಬಾಲ್ಕನಿಗೆ ಹೋಗಿ ನಿಂತರು. ಹೋಗಿ ನೋಡಿದರೆ ಸಿಟ್ಟಾಗಿರಲಿಲ್ಲ. ಎದುರಿನ ಚಾವಣಿಗಳ ಮೇಲೆ ಒಣಗಲು ಹಾಕಿದ ಬಿಳಿ ಬಟ್ಟೆಗಳು ಗಾಳಿಗೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ನಿಂತಿದ್ದರು.

ನಿನ್ನ ಕಾಗದಗಳನ್ನು ಮೇಜಿನ ಮೇಲೇ ಬಿಟ್ಟಿರುತ್ತೇನೆ. ಸಂಜೆ ಬರುವಷ್ಟರಲ್ಲಿ ಅವುಗಳ ಮಡಿಕೆ ಬದಲಾಗಿರುತ್ತದೆ.

ಅಕ್ಕ


ಮೇ 4

ಅಕ್ಕ,

ಒಳ್ಳೆಯ ಸುದ್ದಿ ಮೊದಲು. ತೂಬಿನ ಹತ್ತಿರದ ಹನ್ನೊಂದು ಮರಗಳ ಆಸೆ ಬಿಟ್ಟಿದ್ದೇನೆ. ಆದರೆ ಒಳಗಿನವು ಚಿಗುರಿವೆ. ಎಲೆ ಚಿಕ್ಕದು, ನನ್ನ ಹೆಬ್ಬೆರಳಿನಷ್ಟು, ಆದರೆ ಹಸಿರು. ಜೇಡನ ಕಾಲಿನ ಮರಗಳಲ್ಲಿ ಉದ್ದುದ್ದ ಕಾಯಿ ನೇತಾಡುತ್ತಿವೆ. ಬೀಜ ಮರದ ಮೇಲೇ ಮೊಳೆತು ಗಿಡವಾಗಿ ಆಮೇಲೆ ಬೀಳುತ್ತದೆಂದು ನೀನು ಚಿಕ್ಕಂದಿನಲ್ಲಿ ಹೇಳಿದಾಗ ನಾನು ನಂಬಿರಲಿಲ್ಲ. ನಿನ್ನೆ ಒಂದು ನನ್ನ ಕಣ್ಣೆದುರೇ ಬಿತ್ತು. ಕೆಸರಿಗೆ ನೆಟ್ಟಗೆ ಚುಚ್ಚಿಕೊಂಡು ಅಲ್ಲಾಡದೆ ನಿಂತಿತು.

ಇನ್ನೊಂದು ಸುದ್ದಿ. ಗೋದಾಮಿನ ಕಾವಲುಗಾರ ಕಾಡಿನ ಕಡೆಯ ಕೊನೆಯ ಮೆಟ್ಟಿಲು ನೆನೆದದ್ದನ್ನು ಕಂಡು ಕಚೇರಿಗೆ ದೂರು ಕೊಟ್ಟಿದ್ದಾನೆ. ಗೋದಾಮಿಗೆ ಒಂದು ಹನಿಯೂ ನುಗ್ಗಿಲ್ಲ, ಆದರೂ ದೂರು ದೂರೇ. ಇಪ್ಪತ್ತೆರಡಕ್ಕೆ ಹೊಸ ಇಂಜಿನಿಯರ್ ತನಿಖೆಗೆ ಬರುತ್ತಾರೆ. ಕಚೇರಿಯ ಗುಮಾಸ್ತರು ಒಳ್ಳೆಯವರು, ಗುಟ್ಟಾಗಿ ಹೇಳಿದರು: "ಹಳೇ ಬಾಗಿಲು, ಸೋರುತ್ತೆ ಅಂತ ಬರೆದ್ಬಿಡಿ. ಆ ಪುಸ್ತಕದ ಹಾಳೆ ಎರಡು ಹರಿದ್ರೆ ಯಾರಿಗೆ ಗೊತ್ತಾಗುತ್ತೆ?"

ಎರಡು ದಿನ ಯೋಚಿಸಿದೆ. ಅಪ್ಪ ಬರೆಯದೆ ಒಂಬತ್ತು ವರ್ಷ ಕಾಡನ್ನು ಉಳಿಸಿದರು. ಅವರು ಹೋದರು, ಅವರ ಜೊತೆ ಮೂರೂವರೆ ಸುತ್ತೂ ಹೋಯಿತು. ನಾಳೆ ನಾನು ಹೋಗುತ್ತೇನೆ. ಆಮೇಲೆ ಬರುವವನಿಗೆ ಯಾರು ಹೇಳುತ್ತಾರೆ? ಅದಕ್ಕೇ ನಡೆದದ್ದನ್ನೆಲ್ಲ ಎರಡು ಹಾಳೆಯಲ್ಲಿ ಬರೆದು ಕಚೇರಿಗೆ ಕೊಟ್ಟೆ. ಒಂದರಲ್ಲಿ ಬಾಗಿಲಿನ ವಿಷಯ. ಇನ್ನೊಂದರಲ್ಲಿ, ಎರಡು ವರ್ಷದ ಹಿಂದೆ ನಾನು ಬರೆದ ವರದಿ ತಪ್ಪು, ಕಾವಲುಗಾರರ ದೃಷ್ಟಿ ಸರಿಯಿತ್ತು, ಸರಿಯಿಲ್ಲದ್ದು ನನ್ನದು ಎಂದು.

ನಾನು ಧೈರ್ಯವಂತನಲ್ಲ, ನಿನಗೆ ಗೊತ್ತು. ಅಕ್ಷರ ಮುದ್ದಾಗಿ ಬರಲಿಲ್ಲ.

ನಿನ್ನ ತಮ್ಮ


ಮೇ 11

ತಮ್ಮಾ,

ಈ ಕಾಗದಕ್ಕಿಂತ ಮೊದಲು ಅಪ್ಪನೇ ನಿನ್ನನ್ನು ತಲುಪಬಹುದು.

ನಿನ್ನ ಕಾಗದವನ್ನು ಈ ಸಲ ನನ್ನೆದುರೇ ಓದಿದರು, ನಿಂತುಕೊಂಡೇ. ಎರಡನೇ ಹಾಳೆಯ ಮಾತು ಬರುವಲ್ಲಿ ನಿಂತು, ಮತ್ತೆ ಮೇಲಿಂದ ಓದಿದರು. ಮಡಿಸಿಟ್ಟು, "ಇಪ್ಪತ್ತೆರಡು ಯಾವ ವಾರ?" ಎಂದು ಕೇಳಿದರು. ಗುರುವಾರ ಅಂದೆ. ಇವತ್ತು ಬೆಳಿಗ್ಗೆ ನೋಡಿದರೆ ಚೀಲ ತುಂಬಿ ಬಾಗಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಎರಡು ಅಂಗಿ, ಪಂಚೆ, ಎಣ್ಣೆ ಡಬ್ಬಿ. "ಆ ಚಕ್ರಕ್ಕೆ ಅವನು ಎಣ್ಣೆ ಬಿಟ್ಟಿರಲ್ಲ," ಅಂದರು.

ತಡೆಯಲಿಲ್ಲ. ಮೇಡಂ ನಿನ್ನ ಎಲೆ, ನೀರುಗಳ ಅಳತೆಯನ್ನೆಲ್ಲ ಟೈಪ್ ಮಾಡಿಸಿ ಸಹಿ ಹಾಕಿ ಕೊಟ್ಟಿದ್ದಾರೆ. ಚೀಲದ ಬದಿಯ ಜೇಬಿನಲ್ಲಿದೆ.

ಮನೆ ತುಂಬ ದೊಡ್ಡದಾಗಿದೆ ಇವತ್ತು. ನೀವಿಬ್ಬರೂ ಹೇಗಿದ್ದೀರಿ ಎಂದು ತಕ್ಷಣ ಬರೆ.

ಅಕ್ಕ


ಮೇ 26

ಅಕ್ಕ,

ತಕ್ಷಣ ಬರೆ ಅಂದಿದ್ದೆ. ಬರೆಯಲು ಏನಾದರೂ ಆಗಬೇಕಲ್ಲ. ಅಪ್ಪ ಬಂದ ಮೊದಲ ಹತ್ತು ದಿನ ನಾವು ಆಡಿದ ಮಾತನ್ನೆಲ್ಲ ಒಂದು ಕಾರ್ಡಿನಲ್ಲಿ ಬರೆಯಬಹುದು. ಉಪ್ಪು ಸಾಕಾ, ಸಾಕು. ದೀಪ ಆರಿಸಲಾ, ಆರಿಸು. ನಸುಕಿನಲ್ಲಿ ಇಬ್ಬರೂ ಎದ್ದು ಕಟ್ಟೆಗೆ ಹೋಗುತ್ತಿದ್ದೆವು. ದೊಡ್ಡ ಉಬ್ಬರದ ದಿನ ನಾನು ಚಕ್ರ ತಿರುಗಿಸುತ್ತಿದ್ದೆ, ಅವರು ನೀರನ್ನು ನೋಡುತ್ತ ನಿಂತಿರುತ್ತಿದ್ದರು. ಕೆಲವು ಬೆಳಿಗ್ಗೆ ಕತ್ತಲು ಎಷ್ಟು ದಟ್ಟವಾಗಿರುತ್ತಿತ್ತೆಂದರೆ ಪಕ್ಕದಲ್ಲಿ ಅವರಿದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕೆಮ್ಮಿದರೆ ಇದ್ದಾರೆ ಎಂದು ಸಮಾಧಾನ.

ಗುರುವಾರ ಇಂಜಿನಿಯರ್ ಬಂದರು. ಅಪ್ಪನಿಗಿಂತ ಮೂವತ್ತು ವರ್ಷವಾದರೂ ಚಿಕ್ಕವರು. ನನ್ನ ಎರಡು ಹಾಳೆಯನ್ನೂ ಮೇಡಂ ಕೊಟ್ಟ ಕಾಗದವನ್ನೂ ಓದಿದರು. ಅಪ್ಪನ ಕಡೆ ತಿರುಗಿ, "ನಿಮಗೆ ಕಣ್ಣು ಕಾಣಲ್ಲ ಅಂತ ಫೈಲಲ್ಲಿದೆಯಲ್ಲ" ಅಂದರು.

"ಆಗ ಕಾಣ್ತಿರಲಿಲ್ಲ ಸ್ವಾಮಿ. ಈಗ ಕಾಣುತ್ತೆ," ಅಂದರು ಅಪ್ಪ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಇಂಜಿನಿಯರ್ ನಕ್ಕರೋ ಕೆಮ್ಮಿದರೋ ಗೊತ್ತಾಗಲಿಲ್ಲ. ಪ್ಯಾಂಟು ಮಡಿಸಿಕೊಂಡು ಕೆಸರಿಗಿಳಿದು ಸತ್ತ ಮರಗಳನ್ನೂ ಚಿಗುರಿದ ಮರಗಳನ್ನೂ ಮುಟ್ಟಿ ನೋಡಿದರು. ಗೋದಾಮಿನ ಗೋಡೆಯನ್ನೂ ನೋಡಿದರು. ಒಂದು ಎಲೆ ಕಿತ್ತು ನಾಲಿಗೆಗೆ ತಾಗಿಸಿ ಮುಖ ಕಿವುಚಿದರು.

ಶನಿವಾರ ಕಚೇರಿಯಿಂದ ಒಂದೇ ಲಕೋಟೆಯಲ್ಲಿ ಎರಡು ಕಾಗದ ಬಂದವು. ಮೊದಲನೆಯದು ಎಚ್ಚರಿಕೆ ಪತ್ರ: ಅನುಮತಿಯಿಲ್ಲದೆ ಬಾಗಿಲು ತೆರೆದದ್ದಕ್ಕೆ, ಇನ್ನೊಮ್ಮೆ ಹೀಗಾದರೆ ಕೆಲಸದಿಂದ ತೆಗೆಯಲಾಗುವುದು. ಎರಡನೆಯದು ಅನುಮತಿ: ಒಂದು ವರ್ಷದ ಮಟ್ಟಿಗೆ, ಮಳೆಯಿಲ್ಲದ ತಿಂಗಳುಗಳಲ್ಲಿ, ದೊಡ್ಡ ಉಬ್ಬರದ ದಿನಗಳಂದು ಮೂರೂವರೆ ಸುತ್ತು. ಕಡ್ಡಾಯವಾಗಿ ಬರೆದಿಡತಕ್ಕದ್ದು. ಹಳೆಯ ವರದಿಯನ್ನು ಫೈಲಿನಿಂದ ತೆಗೆಯಲು ಬರುವುದಿಲ್ಲವಂತೆ, ನನ್ನ ಹೊಸ ಹಾಳೆಯನ್ನು ಅದರ ಹಿಂದೆ ಲಗತ್ತಿಸಿದ್ದಾರಂತೆ. ಅಪ್ಪ ಎರಡನ್ನೂ ಓದಿ, "ಬರೆದೂ ಬದುಕಬಹುದು ಅಂತಾಯ್ತು" ಅಂದರು. ಅದಕ್ಕಿಂತ ಹೆಚ್ಚಿನ ಹೊಗಳಿಕೆ ನಾನು ಕೇಳುವುದಿಲ್ಲ.

ಅವರು ಸದ್ಯಕ್ಕೆ ಅಲ್ಲಿಗೆ ಬರುವುದಿಲ್ಲವಂತೆ, ಮಳೆ ಕಳೆಯಲಿ ಅನ್ನುತ್ತಾರೆ. ನೀನೇ ಬಾ. ಮೇಡಂ ಬರುವುದಾದರೆ ಅವರನ್ನೂ ಕರೆದುಕೊಂಡು ಬಾ, ದೋಣಿಯಲ್ಲಿ ಮೂವರಿಗೆ ಜಾಗವಿದೆ.

ಇವತ್ತು ಮಧ್ಯಾಹ್ನ ನೀರು ಪೂರ್ತಿ ಇಳಿದಾಗ ಅಪ್ಪ ಕಾಡಿನೊಳಗೆ ಹೋಗೋಣ ಅಂದರು. ಇಬ್ಬರೂ ಚಪ್ಪಲಿ ಬಿಟ್ಟು ಇಳಿದೆವು. ಬೇರುಗಳೆಲ್ಲ ತಲೆ ಹೊರಗಿಟ್ಟು ಸಾವಿರಾರು ನಿಂತಿದ್ದವು, ಬಿಸಿಲು ಎಲೆಗಳ ಸಂದಿಯಿಂದ ಇಳಿದು ಕೆಸರಿನ ಮೇಲೆ ಹಸಿರಾಗಿ ಹರಡಿತ್ತು. ಅಪ್ಪ ಮುಂದೆ, ನಾನು ಹಿಂದೆ. ಒಂದು ಕಡೆ ಅವರ ಕಾಲು ಮೊಣಕಾಲವರೆಗೂ ಹೂತಿತು. ಎಳೆದರು, ಬರಲಿಲ್ಲ. ತಿರುಗದೆಯೇ ಕೈಯನ್ನು ಹಿಂದಕ್ಕೆ ಚಾಚಿ, "ಕೈ ಕೊಡೋ," ಅಂದರು.

ಅಂದವರು ಹಾಗೇ ನಿಂತರು. ತಮ್ಮ ಮಾತು ತಮಗೇ ಕೇಳಿಸಿತೇನೋ. ಬೆನ್ನು ಅಲುಗತೊಡಗಿತು. ಅಳುತ್ತಿದ್ದಾರೆ ಎಂದು ಹೆದರಿ ಹತ್ತಿರ ಹೋದರೆ, ನಗುತ್ತಿದ್ದರು.

"ಈ ಸಲ ಸರಿಯಾಗಿ ಕೊಡು," ಅಂದರು.

ಕೊಟ್ಟೆ.

ನಿನ್ನ ತಮ್ಮ